ಹಳೆಯ ಆನ್‌ಲೈನ್ ಆಟವನ್ನು ಮತ್ತೆ ತೆರೆಯುವ ಮುನ್ನ: ವಿನ್ಯಾಸಕಾರರಿಗೊಂದು ಕೈಪಿಡಿ

ಆಟಗಳ ಕಂಪನಿ ಬ್ಲಿಝಾರ್ಡ್ ನಡೆಸುವ ಬ್ಲಿಝ್‌ಕಾನ್ ಸಮಾವೇಶದಲ್ಲಿ, 2013ರಲ್ಲಿ, ಅಭಿಮಾನಿಯೊಬ್ಬರು ಎದ್ದು ನಿಂತು, ಸಾವಿರಾರು ಜನ ಒಂದೇ ಜಗತ್ತಿನಲ್ಲಿ ಕೂಡಿ ಆಡುವ ಅದರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಹಳೆಯ ಆವೃತ್ತಿಗಳಿಗೆ ಬೇರೆ ಸರ್ವರ್‌ಗಳನ್ನು ತೆರೆಯುವಿರಾ ಎಂದು ಕೇಳಿದರು. ವೇದಿಕೆಯ ಮೇಲಿದ್ದ, ಆ ಆಟದ ನಿರ್ಮಾಣದ ಹೊಣೆ ಹೊತ್ತಿದ್ದ ಜೆ. ಅಲೆನ್ ಬ್ರ್ಯಾಕ್ ಇಲ್ಲವೆಂದರು. ಅದು ಬೇಕೆಂದು ನಿಮಗೆ ಅನ್ನಿಸುತ್ತದೆ, ಆದರೆ ನಿಜವಾಗಿ ಬೇಕಿಲ್ಲ ಎಂಬುದು ಅವರ ಉತ್ತರದ ತಾತ್ಪರ್ಯವಾಗಿತ್ತು. ನಾಲ್ಕು ವರ್ಷಗಳ ನಂತರ, 2017ರ ನವೆಂಬರಿನಲ್ಲಿ, ಅದೇ ಸಮಾವೇಶದ ವೇದಿಕೆಯಿಂದ ಅದೇ ಬ್ರ್ಯಾಕ್ ಅವರು ಹಳೆಯ ಆವೃತ್ತಿಯನ್ನು ಮರಳಿ ತೆರೆಯುವ ವಾರ್‌ಕ್ರಾಫ್ಟ್ ಕ್ಲಾಸಿಕ್ ಬರಲಿದೆಯೆಂದು ಘೋಷಿಸಿದರು. 2019ರ ಆಗಸ್ಟ್ ಕೊನೆಯ ವಾರದಲ್ಲಿ ಅದು ತೆರೆದಾಗ ಒಳಗೆ ಹೋಗಲು ಜನ ಗಂಟೆಗಟ್ಟಲೆ ಸರದಿಯಲ್ಲಿ ಕಾದರು.

ಈ ಎರಡು ಉತ್ತರಗಳಲ್ಲಿ ಮೊದಲನೆಯದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೇಡಿಕೆ ಎಷ್ಟಿದೆ ಎಂಬ ಅಂದಾಜು ತಪ್ಪಿತ್ತು, ನಿಜ. ಆದರೆ ಆಟಗಾರರ ನೆನಪಿನಲ್ಲಿರುವ ಆಟವೂ ಹಳೆಯ ಡಿಸ್ಕಿನಲ್ಲಿ ಉಳಿದಿರುವ ಆಟವೂ ಒಂದೇ ಅಲ್ಲವೆಂಬ ಎಚ್ಚರಿಕೆ ಅದರೊಳಗಿತ್ತು. ಕೋಡನ್ನು ಮರಳಿ ತರಬಹುದು, ದತ್ತಾಂಶವನ್ನು ಮರಳಿ ತರಬಹುದು. ಆಡುವುದು ಹೇಗೆಂದು ಗೊತ್ತಿಲ್ಲದೆ ಒಬ್ಬರನ್ನೊಬ್ಬರು ಕೇಳುತ್ತ ಕಲಿತ ಅಂದಿನ ಆಟಗಾರರನ್ನು ಮರಳಿ ತರುವ ಉಪಾಯ ಯಾರ ಬಳಿಯೂ ಇಲ್ಲ. ಹಳೆಯ ಆವೃತ್ತಿಯನ್ನು ಮತ್ತೆ ತೆರೆಯುವವರ ಬಹುಪಾಲು ತೊಡಕುಗಳು ಈ ಒಂದು ಸಂಗತಿಯಿಂದ ಹುಟ್ಟುತ್ತವೆ. ಇಂಥ ಕೆಲಸಕ್ಕೆ ಕೈಹಾಕುವ ತಂಡವು ಯಾವ ತೀರ್ಮಾನವನ್ನು ಯಾವಾಗ, ಏನನ್ನು ನೋಡಿ ಕೈಗೊಳ್ಳಬೇಕು ಎಂಬುದನ್ನು, ಮುಖ್ಯವಾಗಿ ವಾರ್‌ಕ್ರಾಫ್ಟ್ ಕ್ಲಾಸಿಕ್ ಮತ್ತು ರೂನ್‌ಸ್ಕೇಪ್ ಎಂಬ ಇನ್ನೊಂದು ಆನ್‌ಲೈನ್ ಆಟದ ಹಳೆಯ ರೂಪವಾದ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಇವೆರಡರ ಅನುಭವವನ್ನು ಮುಂದಿಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ.

ಮೊದಲು ದಿನಾಂಕವನ್ನು ನಿಗದಿ ಮಾಡಿ

"ಹಳೆಯ ಆಟ" ಎಂಬ ಮಾತಿಗೆ ತಂಡದೊಳಗೆ ಅರ್ಥವೇ ಇರಕೂಡದು. ಇಂಥ ವರ್ಷದ, ಇಂಥ ಪ್ಯಾಚಿನ (ಆಟಕ್ಕೆ ಆಗಾಗ ಬರುವ ತಿದ್ದುಪಡಿಯ) ಆಟ ಎಂದಷ್ಟೇ ಮಾತನಾಡಬೇಕು. ವಾರ್‌ಕ್ರಾಫ್ಟ್ 2004ರ ನವೆಂಬರಿನಲ್ಲಿ ಬಿಡುಗಡೆಯಾಯಿತು, ಅದರ ಮೊದಲ ವಿಸ್ತರಣೆ ಬಂದದ್ದು 2007ರ ಜನವರಿಯಲ್ಲಿ. ಈ ಎರಡು ವರ್ಷಗಳೊಳಗೆ ಆಟ ಎಷ್ಟು ಬದಲಾಯಿತೆಂದರೆ, ಮೊದಲ ತಿಂಗಳು ಆಡಿದವನ ನೆನಪಿಗೂ ಕೊನೆಯ ತಿಂಗಳು ಆಡಿದವನ ನೆನಪಿಗೂ ಹೊಂದಾಣಿಕೆ ಕಡಿಮೆ. ಬ್ಲಿಝಾರ್ಡ್ ತಂಡ 2006ರ ಆಗಸ್ಟಿನ 1.12 ಪ್ಯಾಚನ್ನು ಆರಿಸಿಕೊಂಡಿತು. ಆ ಅವಧಿಯ ಅತ್ಯಂತ ಪೂರ್ಣ ಸ್ಥಿತಿ ಅದಾಗಿತ್ತು.

ಆ ಆಯ್ಕೆ ಸಮಂಜಸವಾದದ್ದೇ. ಆದರೂ ಅದಕ್ಕೆ ತೆತ್ತ ಬೆಲೆಯನ್ನು ಗಮನಿಸಬೇಕು. 1.12ರಲ್ಲಿ ಎಲ್ಲ ವರ್ಗದ ಪಾತ್ರಗಳೂ ಎರಡು ವರ್ಷಗಳ ತಿದ್ದುಪಡಿಯ ಫಲವಾಗಿ ಬಲಗೊಂಡಿದ್ದವು. ಅಂಥ ಪಾತ್ರಗಳನ್ನು ಆಟದ ಮೊದಲ ದೊಡ್ಡ ರೇಡ್ (ಹತ್ತಾರು ಜನ ಕೂಡಿ ಮಾಡುವ ದಾಳಿ) ಆದ ಮೋಲ್ಟನ್ ಕೋರ್‌ನ ಮುಂದೆ ನಿಲ್ಲಿಸಿದಾಗ ಏನಾಗಬೇಕೋ ಅದೇ ಆಯಿತು: ಮೂಲ ಆಟದಲ್ಲಿ ಅದರ ಕೊನೆಯ ಬಾಸ್ (ಪ್ರಬಲ ಶತ್ರು) ರಾಗ್ನರೋಸ್‌ನನ್ನು ಬೀಳಿಸಲು ಸುಮಾರು ಐದು ತಿಂಗಳು ಹಿಡಿದಿದ್ದರೆ, 2019ರಲ್ಲಿ ಒಂದು ವಾರವೂ ಬೇಕಾಗಲಿಲ್ಲ. ಇದಕ್ಕೆ ಪಾತ್ರಗಳ ಬಲವೊಂದೇ ಕಾರಣವಲ್ಲ, ಆಟಗಾರರ ತಿಳಿವಳಿಕೆಯ ಪಾಲು ಇನ್ನೂ ದೊಡ್ಡದು; ಅದಕ್ಕೆ ಮುಂದೆ ಬರುತ್ತೇನೆ. ಒಂದು ದಿನಾಂಕವನ್ನು ಆರಿಸಿದಾಗ ಆ ದಿನದ ನಿಯಮಗಳು ಅದಕ್ಕೂ ಹಿಂದಿನ ಸಾಮಗ್ರಿಯ ಜೊತೆ ಹೇಗೆ ವರ್ತಿಸುತ್ತವೆ ಎಂಬ ಲೆಕ್ಕವನ್ನು ಅಂದೇ ಹಾಕಿಡಬೇಕು.

ಕೆಲವೊಮ್ಮೆ ಆಯ್ಕೆ ನಿಮ್ಮ ಕೈಯಲ್ಲಿರುವುದಿಲ್ಲ. ಜ್ಯಾಗೆಕ್ಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ತೆರೆದಾಗ ಅದಕ್ಕೆ ಆಧಾರವಾದದ್ದು 2007ರ ಆಗಸ್ಟ್ ತಿಂಗಳ ಒಂದು ಬ್ಯಾಕಪ್. ಅದೇ ತಿಂಗಳ ಕೊನೆಯಲ್ಲಿ ಮೂಲ ಆಟಕ್ಕೆ ಸೇರಿದ್ದ ಗಾಡ್ ವಾರ್ಸ್ ಡಂಜನ್ (ಶತ್ರುಗಳು ತುಂಬಿದ ಗುಹೆಯಂಥ ಸ್ಥಳ) ಆ ಬ್ಯಾಕಪ್ಪಿನಲ್ಲಿ ಇರಲಿಲ್ಲ. ಆಟಗಾರರು ಬಹಳವಾಗಿ ನೆನೆಯುತ್ತಿದ್ದ ಆ ಭಾಗವನ್ನು 2013ರ ಅಕ್ಟೋಬರಿನಲ್ಲಿ ಹೊಸದಾಗಿ ಕಟ್ಟಿ ಸೇರಿಸಬೇಕಾಯಿತು. ಆದ್ದರಿಂದ ಘೋಷಣೆಗೆ ಮೊದಲು ಉಗ್ರಾಣವನ್ನು ತೆಗೆದು ನೋಡಿ. ಆಟಗಾರರ ಕಂಪ್ಯೂಟರಿನಲ್ಲಿ ಕೂರುವ ಕ್ಲೈಂಟ್ ಎಲ್ಲಾದರೂ ಸಿಕ್ಕೀತು; ಪ್ರಾಣಿಗಳ ಆರೋಗ್ಯದ ಅಂಕಿಗಳು, ಯಾವ ಶತ್ರುವಿನಿಂದ ಯಾವ ವಸ್ತು ಎಷ್ಟು ಸಲಕ್ಕೊಮ್ಮೆ ಬೀಳುತ್ತದೆ ಎಂಬ ಪಟ್ಟಿ, ಸತ್ತ ಶತ್ರು ಮತ್ತೆ ಹುಟ್ಟುವ ಅವಧಿ ಇವೆಲ್ಲ ಸರ್ವರ್ ಬದಿಯಲ್ಲಿರುವಂಥವು, ಹೊರಗಿನ ಯಾರ ಬಳಿಯೂ ಸಿಗುವುದಿಲ್ಲ. ಅಭಿಮಾನಿಗಳು ನಡೆಸುವ ಖಾಸಗಿ ಸರ್ವರ್‌ಗಳು ಈ ಅಂಕಿಗಳನ್ನು ಹಳೆಯ ವಿಡಿಯೋ ನೋಡಿ ಊಹಿಸಬೇಕಾಗುತ್ತದೆ. ಆ ಊಹೆಗಳ ಮೇಲೆ ವರ್ಷಗಟ್ಟಲೆ ಆಡಿದವರು ಮುಂದೆ ನಿಮ್ಮ ಅಸಲಿ ಅಂಕಿಯನ್ನೇ ತಪ್ಪೆನ್ನುತ್ತಾರೆ.

ಹಳೆಯ ಯಂತ್ರವೋ, ಹೊಸ ಯಂತ್ರವೋ

ಹಳೆಯ ಕೋಡನ್ನೇ ಎಬ್ಬಿಸಿ ಓಡಿಸುವುದು ಮೇಲುನೋಟಕ್ಕೆ ಪ್ರಾಮಾಣಿಕ ಮಾರ್ಗವೆನಿಸುತ್ತದೆ. ಆದರೆ ಅದರ ಜೊತೆಗೆ ಹಳೆಯ ಭದ್ರತಾ ಲೋಪಗಳೂ, ಮೋಸಗಾರರನ್ನು ಹಿಡಿಯಲಾಗದ ಅಸಹಾಯಕತೆಯೂ, ಇಂದಿನ ಖಾತೆ ವ್ಯವಸ್ಥೆಗೆ ಹೊಂದದ ಪ್ರವೇಶದ್ವಾರವೂ ಬರುತ್ತವೆ. ಬ್ಲಿಝಾರ್ಡ್ ತಂಡ ಮೊದಲು 1.12 ಕೋಡಿನಿಂದಲೇ ಆರಂಭಿಸಿ, ಈ ಕಷ್ಟಗಳನ್ನು ಕಂಡು, ಆಗಿನ ಹೊಸ ಕೋಡಿಗೆ ಹಳೆಯ ದತ್ತಾಂಶವನ್ನು ಹೊಂದಿಸುವ ದಾರಿಗೆ ತಿರುಗಿತು. ಹಳೆಯ ಡೇಟಾಬೇಸಿನಲ್ಲಿ ಒಂದು ಮಂತ್ರದ ವಿವರಗಳೆಲ್ಲ ಒಂದೇ ಸಾಲಿನಲ್ಲಿದ್ದು, ಅದರ ಪರಿಣಾಮಗಳಿಗೆ ಮೂರೇ ಸ್ಥಾನಗಳಿದ್ದವು; ಹೊಸದರಲ್ಲಿ ಪರಿಣಾಮಗಳಿಗೆ ಪ್ರತ್ಯೇಕ ಕೋಷ್ಟಕವೇ ಇದೆ. ಆದ್ದರಿಂದ ಹಳೆಯ ಸಾಲುಗಳನ್ನು ಒಡೆದು ಹೊಸ ಆಕಾರಕ್ಕೆ ತರಬೇಕಾಯಿತು.

ದೊಡ್ಡ ಆಟಕ್ಕೆ ಈ ದಾರಿಯನ್ನೇ ನಾನೂ ಸೂಚಿಸುತ್ತೇನೆ. ಆದರೆ ಒಂದು ಷರತ್ತಿದೆ. ಹೊರಗೆ ಬಿಡದಿದ್ದರೂ ಚಿಂತೆಯಿಲ್ಲ, ಹಳೆಯ ಆವೃತ್ತಿಯೊಂದು ಕಚೇರಿಯೊಳಗೆ ಓಡುತ್ತಲೇ ಇರಬೇಕು. ಹೊಸ ಯಂತ್ರದಲ್ಲಿ ಒಂದು ನಡವಳಿಕೆ ಸಂಶಯಾಸ್ಪದವಾಗಿ ಕಂಡಾಗ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಸೌಲಭ್ಯವಿಲ್ಲದಿದ್ದರೆ, ತೀರ್ಪು ಕೊನೆಗೆ ಜೋರಾಗಿ ಮಾತನಾಡುವವರ ನೆನಪಿಗೆ ಬಿಟ್ಟುಹೋಗುತ್ತದೆ. ನೆನಪು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ 2019ರ ಪರೀಕ್ಷಾ ಅವಧಿಯೇ ಸಾಕ್ಷಿ. ಆಟಗಾರರು ದೋಷವೆಂದು ವರದಿ ಮಾಡಿದ ಎಷ್ಟೋ ಸಂಗತಿಗಳು ಮೂಲದಲ್ಲಿ ಹಾಗೆಯೇ ಇದ್ದವು: ಟಾರೆನ್ ಜನಾಂಗದ ಪಾತ್ರಗಳ ಹೊಡೆತ ಉಳಿದವರಿಗಿಂತ ತುಸು ದೂರ ತಲುಪುವುದು ಅವುಗಳಲ್ಲೊಂದು. ತಂಡವು ಇಂಥವನ್ನೆಲ್ಲ ಸೇರಿಸಿ "ಇವು ದೋಷಗಳಲ್ಲ" ಎಂಬ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಿತು. ಇಡೀ ಯೋಜನೆಯಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಉಪಯುಕ್ತ ಕೆಲಸ ಅದೇ ಎಂಬುದು ನನ್ನ ಅಭಿಪ್ರಾಯ. ನೀವೂ ಅಂಥದೊಂದನ್ನು ಮೊದಲ ಪರೀಕ್ಷೆಯ ದಿನದಿಂದಲೇ ಇಟ್ಟುಕೊಳ್ಳಿ.

ಪ್ರತಿಯೊಂದು ಅನನುಕೂಲವನ್ನೂ ವಿಚಾರಣೆಗೆ ಒಳಪಡಿಸಿ

ಹಳೆಯ ದೇಗುಲದ ಜೀರ್ಣೋದ್ಧಾರ ಮಾಡುವವರು ಸೋರುವ ಚಾವಣಿಯನ್ನು ಸರಿಪಡಿಸುತ್ತಾರೆ, ಆದರೆ ಗರ್ಭಗುಡಿಯ ಬಾಗಿಲು ಗಿಡ್ಡವೆಂದು ಅದನ್ನು ಎತ್ತರಿಸುವುದಿಲ್ಲ. ತಲೆ ಬಾಗಿಸಿ ಒಳಹೋಗಬೇಕೆಂಬುದೇ ಅದರ ಉದ್ದೇಶವಿರಬಹುದು. ಹಳೆಯ ಆಟದಲ್ಲಿ ಇವೆರಡನ್ನು ಬೇರ್ಪಡಿಸುವುದೇ ವಿನ್ಯಾಸಕಾರನ ಮುಖ್ಯ ಕೆಲಸ. ಒಂದು ಅನನುಕೂಲ ಎದುರಾದಾಗಲೆಲ್ಲ ಎರಡು ಪ್ರಶ್ನೆಗಳನ್ನು ಕೇಳಿ. ಇದು ಬೇಕೆಂದೇ ಮಾಡಿದ್ದೋ, ಅಂದಿನ ತಂತ್ರಜ್ಞಾನದ ಮಿತಿಯೋ, ಯಾರೂ ಗಮನಿಸದ ತಪ್ಪೋ? ಮೂಲ ಏನೇ ಇರಲಿ, ಅದರಿಂದ ಆಟಗಾರರ ನಡುವೆ ಏನು ಬೆಳೆಯಿತು? ಎರಡನೆಯ ಪ್ರಶ್ನೆಗೆ ಹೆಚ್ಚು ತೂಕ ಕೊಡಿ.

ಗುಂಪು ಹುಡುಕುವುದನ್ನೇ ತೆಗೆದುಕೊಳ್ಳೋಣ. ಮೂಲ ವಾರ್‌ಕ್ರಾಫ್ಟ್‌ನಲ್ಲಿ ಐದು ಜನರನ್ನು ಕೂಡಿಸಲು ಊರಿನ ಚಾನೆಲ್ಲಿನಲ್ಲಿ ಕೂಗಬೇಕಿತ್ತು, ಬಳಿಕ ಎಲ್ಲರೂ ನಡೆದೋ ಹಾರಿಯೋ ಡಂಜನ್ ಬಾಗಿಲಿಗೆ ಹೋಗಬೇಕಿತ್ತು. ಸಮಯ ಹಾಳು ಎಂದು ಇದನ್ನು ದೂರುವುದು ಸುಲಭ. ಆದರೆ ಅಷ್ಟು ಕಷ್ಟಪಟ್ಟು ಸೇರಿದವರು ಮೊದಲ ಸೋಲಿಗೆ ಬಿಟ್ಟುಹೋಗುತ್ತಿರಲಿಲ್ಲ. ಒಳ್ಳೆಯ ಚಿಕಿತ್ಸಕನ ಹೆಸರನ್ನು ನೆನಪಿಟ್ಟುಕೊಂಡು ಮಾರನೆಯ ದಿನ ಕರೆಯುತ್ತಿದ್ದರು. ವಸ್ತು ಕದ್ದವನ ಹೆಸರು ಸರ್ವರ್ ತುಂಬ ಹರಡುತ್ತಿತ್ತು. ನಂತರದ ವರ್ಷಗಳಲ್ಲಿ ಸ್ವಯಂಚಾಲಿತವಾಗಿ ಗುಂಪು ಕಟ್ಟುವ ಸೌಲಭ್ಯ ಬಂದಾಗ ಸಮಯ ಉಳಿಯಿತು, ಹೆಸರು ನೆನಪಿಡುವ ಅಗತ್ಯ ಹೋಯಿತು. ಕ್ಲಾಸಿಕ್‌ನಲ್ಲಿ ಆ ಸೌಲಭ್ಯವನ್ನು ಹೊರಗಿಟ್ಟದ್ದು ಸರಿಯಾದ ತೀರ್ಮಾನ. ನಿಮ್ಮ ಆಟದಲ್ಲಿ ಯಾವ ಅನನುಕೂಲ ಜನರನ್ನು ಒಬ್ಬರಿಗೊಬ್ಬರು ಪರಿಚಯಿಸುತ್ತಿತ್ತೋ ಅದನ್ನು ಮುಟ್ಟಬೇಡಿ.

ತಂತ್ರಜ್ಞಾನದ ಮಿತಿಗಳ ವಿಚಾರ ಇಷ್ಟು ಸರಳವಲ್ಲ. ಒಬ್ಬ ಶತ್ರುವಿನ ಮೇಲೆ ಒಮ್ಮೆಗೆ ಹದಿನಾರಕ್ಕಿಂತ ಹೆಚ್ಚು ಡಿಬಫ್‌ಗಳು (ಶತ್ರುವನ್ನು ಕುಗ್ಗಿಸುವ ಪರಿಣಾಮಗಳು) ನಿಲ್ಲುವಂತಿರಲಿಲ್ಲ. ಇದರಿಂದ ನಲವತ್ತು ಜನರ ರೇಡಿನಲ್ಲಿ ವಾರ್‌ಲಾಕ್‌ನಂಥ ವರ್ಗಗಳು ತಮ್ಮ ಮುಖ್ಯ ಮಂತ್ರಗಳನ್ನೇ ಬಳಸದಿರಬೇಕಾಗಿತ್ತು. ಅನ್ಯಾಯವೆಂದು ಕಂಡರೂ ಶತ್ರುಗಳ ಬಲವನ್ನೆಲ್ಲ ಆ ಮಿತಿಯೊಳಗೇ ಲೆಕ್ಕಹಾಕಿದ್ದರಿಂದ, ಮಿತಿಯನ್ನು ತೆಗೆದರೆ ಈಗಾಗಲೇ ಸುಲಭವಾಗಿದ್ದ ರೇಡ್‌ಗಳು ಇನ್ನಷ್ಟು ಸುಲಭವಾಗುತ್ತಿದ್ದವು. ಅದನ್ನು ಉಳಿಸಿದ್ದಕ್ಕೆ ಕಾರಣವಿತ್ತು. ಹಳೆಯ ಸರ್ವರ್ ಹಲವು ಮಂತ್ರಗಳ ಫಲಿತಾಂಶವನ್ನು ಸುಮಾರು 400 ಮಿಲಿಸೆಕೆಂಡಿಗೊಮ್ಮೆ ಗುಂಪಾಗಿ ಲೆಕ್ಕ ಹಾಕುತ್ತಿದ್ದುದರ ಕಥೆ ಬೇರೆ. ಇದರಿಂದ ಇಬ್ಬರು ಮಾಂತ್ರಿಕರು ಒಂದೇ ಕ್ಷಣದಲ್ಲಿ ಒಬ್ಬರನ್ನೊಬ್ಬರು ಕುರಿಯಾಗಿಸುವಂಥ ಸ್ವಾರಸ್ಯಗಳು ಹುಟ್ಟುತ್ತಿದ್ದವು. ಹೊಸ ಸರ್ವರ್ ಅಷ್ಟು ನಿಧಾನವಲ್ಲವಾದ್ದರಿಂದ ಆ ನಿಧಾನವನ್ನು ಕೃತಕವಾಗಿ ಕಟ್ಟಿದರು. ಆದರೆ ವೇಗದ ಸಂಪರ್ಕಕ್ಕೆ ಒಗ್ಗಿದ ಕೈಗಳಿಗೆ ಅದು ಜಡವೆನಿಸಿತು. ಕೊನೆಗೆ 2021ರಲ್ಲಿ ಆ ಅವಧಿಯನ್ನು 10 ಮಿಲಿಸೆಕೆಂಡಿಗೆ ಇಳಿಸಿದರು. 2006ರಲ್ಲಿ ಎಲ್ಲರ ಸಂಪರ್ಕವೂ ನಿಧಾನವಾಗಿದ್ದಾಗ ಯಾರಿಗೂ ಎದ್ದು ಕಾಣದಿದ್ದ ಕೊರತೆಯನ್ನು, ಅದು ಎದ್ದು ಕಾಣುವ ಕಾಲದಲ್ಲಿ ಮರುನಿರ್ಮಿಸಿದರೆ ಅದು ಹಳೆಯ ಅನುಭವವಾಗಿ ಉಳಿಯುವುದಿಲ್ಲ.

ಆಡಳಿತದ ಹೊರೆಗೂ ಇದೇ ತಕ್ಕಡಿ ಬೇಕು. ಮೂಲ ಆಟದಲ್ಲಿ ರೇಡಿನ ವಸ್ತು ತಪ್ಪಿ ಬೇರೆಯವರ ಚೀಲ ಸೇರಿದರೆ ಗೇಮ್ ಮಾಸ್ಟರ್‌ಗೆ (ಆಟಗಾರರ ದೂರು ನೋಡುವ ಕಂಪನಿಯ ಸಿಬ್ಬಂದಿಗೆ) ಮೊರೆಯಿಡಬೇಕಿತ್ತು. ಕ್ಲಾಸಿಕ್‌ನಲ್ಲಿ, ಆ ವಸ್ತುವಿಗೆ ಅರ್ಹರಾಗಿದ್ದವರ ನಡುವೆ ಎರಡು ಗಂಟೆಗಳವರೆಗೆ ಅದನ್ನು ಬದಲಾಯಿಸಿಕೊಳ್ಳಲು ಬಿಟ್ಟರು. ಗೆಳೆಯರ ಗುಂಪೊಂದು ಹೊರಗಿನವನ ವಿರುದ್ಧ ಕೂಡಿಕೊಳ್ಳುತ್ತದೆಂದು ಹಲವರು ಆಕ್ಷೇಪಿಸಿದರು, ಆಕ್ಷೇಪದಲ್ಲಿ ಹುರುಳಿತ್ತು. ಇಂಥಲ್ಲಿ ಪೂರ್ಣ ಸಮಾಧಾನದ ದಾರಿ ಸಿಗುವುದಿಲ್ಲ. ಆಟದೊಳಗಿನ ಸಂಬಂಧಗಳಿಗೆ ಕಡಿಮೆ ಧಕ್ಕೆ ಮಾಡುವ ದಾರಿಯನ್ನು ಆರಿಸಿ, ಕಾರಣವನ್ನು ತೆರೆದು ಹೇಳಿ.

ಬಂದಿರುವವರು ಅಂದಿನವರಲ್ಲ

ಹದಿನೈದು ವರ್ಷಗಳಲ್ಲಿ ಆಟದ ಪ್ರತಿ ಮೂಲೆಯೂ ಅಳೆಯಲ್ಪಟ್ಟಿರುತ್ತದೆ. ಯಾವ ಆಯುಧ ಎಷ್ಟು ಉತ್ತಮ, ಯಾವ ಬಾಸ್ ಯಾವ ಕ್ಷಣದಲ್ಲಿ ಏನು ಮಾಡುತ್ತಾನೆ, ಯಾವ ದಾರಿಯಲ್ಲಿ ಹೋದರೆ ಬೇಗ ಅರವತ್ತನೆಯ ಹಂತ ತಲುಪಬಹುದು ಎಂಬುದೆಲ್ಲ ಮೊದಲ ದಿನವೇ ಎಲ್ಲರ ಕೈಯಲ್ಲಿರುತ್ತದೆ. ಅಂದು ಅಪರೂಪದ ಜಾಣ್ಮೆಯಾಗಿದ್ದದ್ದು ಇಂದು ಪ್ರವೇಶ ಶುಲ್ಕವಾಗುತ್ತದೆ. ಇದರ ಅತ್ಯಂತ ಸ್ಪಷ್ಟ ಉದಾಹರಣೆ ವರ್ಲ್ಡ್ ಬಫ್‌ಗಳದು. ಡ್ರ್ಯಾಗನ್ ತಲೆಯನ್ನು ರಾಜಧಾನಿಗೆ ತಂದಾಗ ಅಲ್ಲಿರುವವರಿಗೆಲ್ಲ ಸ್ವಲ್ಪ ಹೊತ್ತು ಬಲ ಹೆಚ್ಚುವುದು ಮೂಲದಲ್ಲಿ ಊರಹಬ್ಬದಂಥ ಸಂಭ್ರಮವಾಗಿತ್ತು. 2019ರ ನಂತರ ಅದು ಕರ್ತವ್ಯವಾಯಿತು: ಜನ ಇಂಥ ಬಫ್‌ಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಅವು ಕರಗದಿರಲೆಂದು ಆಟದಿಂದ ಹೊರಬಂದು, ರೇಡಿನ ರಾತ್ರಿಯವರೆಗೆ ಆ ಪಾತ್ರವನ್ನು ಮುಟ್ಟದೆ ಕೂತರು. ಆಡದಿರುವುದೇ ಆಟದ ಸಿದ್ಧತೆಯಾಯಿತು. 2021ರಲ್ಲಿ ಈ ಬಫ್‌ಗಳನ್ನು ಕಾಪಿಟ್ಟುಕೊಳ್ಳುವ ಕ್ರೋನೊಬೂನ್ ಎಂಬ ವಸ್ತುವನ್ನು ಸೇರಿಸಲಾಯಿತು. ಅದೇ ವರ್ಷ ಹೊಸದಾಗಿ ಆರಂಭಿಸಿದ ಕ್ಲಾಸಿಕ್‌ನ ಸೀಸನ್ ಆಫ್ ಮಾಸ್ಟರಿ ಸರ್ವರ್‌ಗಳಲ್ಲಿ ರೇಡಿನೊಳಗೆ ಅವು ಕೆಲಸ ಮಾಡದಂತೆ ತಡೆಯಲಾಯಿತು. ಎರಡನೆಯ ಪರಿಹಾರವೇ ಮೇಲೆಂದು ನನಗೆ ತೋರುತ್ತದೆ. ಅಂಕಿಗಳನ್ನು ಹಾಗೆಯೇ ಉಳಿಸಿ ಅನುಭವವನ್ನು ಕಳೆದುಕೊಳ್ಳುವುದಕ್ಕಿಂತ, ಅಂಕಿಗಳನ್ನು ಬದಲಾಯಿಸಿ ಅನುಭವವನ್ನು ಉಳಿಸಿಕೊಳ್ಳುವುದು ಮೂಲಕ್ಕೆ ಹೆಚ್ಚು ನಿಷ್ಠವಾದ ಕ್ರಮ.

ಹೀಗೆ ಮಾಡಬೇಕಾದ ಜಾಗಗಳನ್ನು ಮೊದಲೇ ಗುರುತಿಸಲು, ನಿಮ್ಮ ಆಟವನ್ನು ಚೆನ್ನಾಗಿ ಬಲ್ಲ ಒಂದು ಸಣ್ಣ ಗುಂಪಿಗೆ ಪರೀಕ್ಷಾ ಸರ್ವರ್ ಕೊಟ್ಟು, ಲಾಭಕ್ಕಾಗಿ ಅತ್ಯಂತ ಬೇಸರದ ಕೆಲಸ ಯಾವುದನ್ನು ಮಾಡುವಿರಿ ಎಂದು ಕೇಳಿ. ಅವರು ಹೇಳುವ ಪಟ್ಟಿಯೇ ನಿಮ್ಮ ಆಟದ ದುರ್ಬಲ ಕೊಂಡಿಗಳ ಪಟ್ಟಿ.

ಜನಸಂಖ್ಯೆಯ ಲೆಕ್ಕವೂ ಬದಲಾಗಿರುತ್ತದೆ. ಕ್ಲಾಸಿಕ್‌ನಲ್ಲಿ "ಮಧ್ಯಮ" ಎಂದು ತೋರಿಸುತ್ತಿದ್ದ ಸರ್ವರ್‌ಗಳಲ್ಲೇ 2006ರ ಅತ್ಯಂತ ತುಂಬಿದ ಸರ್ವರ್‌ಗಳಿಗಿಂತ ಹೆಚ್ಚು ಜನರಿದ್ದಾರೆಂದು ಬ್ಲಿಝಾರ್ಡ್ ಹೇಳಿತ್ತು. ಜನ ಹೆಚ್ಚಾದರೂ ಬ್ಲ್ಯಾಕ್ ಲೋಟಸ್ ಎಂಬ ಗಿಡ ಹಳೆಯ ಲೆಕ್ಕದಲ್ಲೇ ಹುಟ್ಟುತ್ತಿದ್ದುದರಿಂದ ಅದರ ಬೆಲೆ ಏರಿ, ಕೆಲವು ಗುಂಪುಗಳು ಅದರ ಮೇಲೆ ಹಿಡಿತ ಸಾಧಿಸಿದವು. 2020ರಲ್ಲಿ ಅದು ಹುಟ್ಟುವ ಪ್ರಮಾಣವನ್ನು ಹೆಚ್ಚಿಸಬೇಕಾಯಿತು. ಸಂಪನ್ಮೂಲಗಳ ಪ್ರಮಾಣ ಒಂದು ಸಂಖ್ಯೆಯಲ್ಲ, ಒಂದು ಅನುಪಾತ. ತಲೆಗೆ ಎಷ್ಟು ಎಂದು ಹಳೆಯದನ್ನು ಅಳೆದು, ಹೊಸದರಲ್ಲಿ ಆ ಅನುಪಾತವನ್ನು ಕಾಪಾಡಿ.

ತೆರೆಯುವ ವಾರ

ಮೊದಲ ವಾರ ಬರುವವರಲ್ಲಿ ಬಹಳಷ್ಟು ಜನ ಎರಡು ತಿಂಗಳಲ್ಲಿ ಹೊರಟುಹೋಗುತ್ತಾರೆ. ಸರ್ವರ್‌ಗಳನ್ನು ಮೊದಲ ವಾರಕ್ಕೆ ತಕ್ಕಂತೆ ತೆರೆದರೆ ಆಮೇಲೆ ಊರುಗಳು ಪಾಳುಬೀಳುತ್ತವೆ, ಮೂರನೆಯ ತಿಂಗಳಿಗೆ ತಕ್ಕಂತೆ ತೆರೆದರೆ ಮೊದಲ ವಾರ ಯಾರಿಗೂ ಕಾಲಿಡಲು ಜಾಗವಿರುವುದಿಲ್ಲ. ಇದಕ್ಕಾಗಿ ಕ್ಲಾಸಿಕ್ ತಂಡ ಲೇಯರಿಂಗ್ ಎಂಬ ಉಪಾಯ ಮಾಡಿತು: ಒಂದೇ ಸರ್ವರಿನ ಜಗತ್ತಿಗೆ ಹಲವು ಪ್ರತಿಗಳು, ಜನ ಕಡಿಮೆಯಾದಂತೆ ಅವುಗಳ ವಿಲೀನ. ಉಪಾಯ ಒಳ್ಳೆಯದೇ. ಆದರೆ ಕೆಲವರು ಒಂದು ಪ್ರತಿಯಿಂದ ಇನ್ನೊಂದಕ್ಕೆ ಜಿಗಿಯುತ್ತ ಅಪರೂಪದ ಗಿಡ, ಅದಿರುಗಳನ್ನು ಮತ್ತೆ ಮತ್ತೆ ಬಾಚಿಕೊಂಡರು. ಜಿಗಿತಕ್ಕೆ ಆಮೇಲೆ ಕಡಿವಾಣ ಬಿತ್ತು, ಆದರೆ ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಿತ್ತು. ಈ ಉಪಾಯವನ್ನು ಬಳಸುವುದಾದರೆ ಪ್ರತಿ ಬದಲಾಯಿಸಲು ದೀರ್ಘ ಕಾಯುವಿಕೆಯನ್ನು ಮೊದಲ ದಿನದಿಂದಲೇ ಇಡಿ, ಲೇಯರಿಂಗ್ ಕೊನೆಗೊಳ್ಳುವ ದಿನಾಂಕವನ್ನೂ ಹೇಳಿ.

ಎರಡು ಪಕ್ಷಗಳ ಆಟವಾದರೆ ಪಕ್ಷಗಳ ಸಮತೋಲನವನ್ನು ವಾರಕ್ಕೊಮ್ಮೆ ನೋಡಿ. ಕ್ಲಾಸಿಕ್‌ನಲ್ಲಿ 2019ರ ನವೆಂಬರಿನಲ್ಲಿ ಗೌರವ ಅಂಕಗಳ ವ್ಯವಸ್ಥೆ ಬಂತು, ಅವುಗಳನ್ನು ಗಳಿಸಲೆಂದೇ ಇರುವ ರಣರಂಗಗಳು ಬಂದದ್ದು ಡಿಸೆಂಬರಿನಲ್ಲಿ. ನಡುವಿನ ವಾರಗಳಲ್ಲಿ ಬಲಾಢ್ಯ ಪಕ್ಷದವರು ಹಾರಾಟದ ನಿಲ್ದಾಣಗಳಲ್ಲಿ ಕಾದು ಕೂತು ಎದುರಾಳಿಗಳನ್ನು ಇಳಿದ ಕೂಡಲೇ ಕೊಂದರು. ಸೋತ ಪಕ್ಷದವರು ಬೇರೆ ಸರ್ವರಿಗೆ ಹೊರಟರೆ ಉಳಿದವರ ಸ್ಥಿತಿ ಇನ್ನೂ ಹದಗೆಡುತ್ತದೆ. ಉಚಿತ ವರ್ಗಾವಣೆ ಕೊಡುವಾಗ ಯಾವ ಪಕ್ಷದವರು ಎಲ್ಲಿಂದ ಎಲ್ಲಿಗೆ ಹೋಗಬಹುದೆಂಬ ನಿರ್ಬಂಧ ಇರಲೇಬೇಕು.

ಕೊನೆ ಎಲ್ಲಿ ಎಂಬುದನ್ನು ಮೊದಲೇ ಹೇಳಿ

ಹಳೆಯ ಆಟದ ಸಾಮಗ್ರಿ ಮುಗಿಯುವ ದಿನ ಬಂದೇ ಬರುತ್ತದೆ. ಕ್ಲಾಸಿಕ್ ತನ್ನ ಸಾಮಗ್ರಿಯನ್ನು ಆರು ಹಂತಗಳಲ್ಲಿ ಬಿಟ್ಟು, 2020ರ ಡಿಸೆಂಬರಿನಲ್ಲಿ ನಾಕ್ಸ್‌ರಾಮಸ್ ಎಂಬ ರೇಡಿನೊಂದಿಗೆ ಮುಗಿಸಿತು. ಹಂತಗಳ ನಡುವಿನ ಅಂತರವನ್ನು ದಿನಾಂಕಕ್ಕೆ ಕಟ್ಟುವುದು ಒಳ್ಳೆಯದು. ಎವರ್‌ಕ್ವೆಸ್ಟ್ ಎಂಬ ಆನ್‌ಲೈನ್ ಆಟವನ್ನು ಮೊದಲಿನಿಂದ ಹಂತಹಂತವಾಗಿ ತೆರೆದ 2006ರ ಪ್ರೋಗ್ರೆಶನ್ ಸರ್ವರ್‌ಗಳಲ್ಲಿ ಮುಂದಿನ ವಿಸ್ತರಣೆ ತೆರೆಯಲು ದೊಡ್ಡ ಬಾಸ್‌ಗಳನ್ನು ಕೊಲ್ಲಬೇಕಿತ್ತು. ಅಂಥ ವ್ಯವಸ್ಥೆಯಲ್ಲಿ ಕೆಲವೇ ಗಿಲ್ಡ್‌ಗಳ (ಆಟಗಾರರ ಸಂಘಗಳ) ವೇಗ ಎಲ್ಲರ ಗಡಿಯಾರವಾಗುತ್ತದೆ.

ಆಮೇಲಿನದಕ್ಕೆ ಮೂರು ದಾರಿಗಳಿವೆ: ಅಲ್ಲೇ ನಿಲ್ಲಿಸುವುದು, ಮುಂದಿನ ವಿಸ್ತರಣೆಗೆ ಹೋಗುವುದು, ಅಥವಾ ಬೇರೆ ದಿಕ್ಕಿಗೆ ಬೆಳೆಸುವುದು. 2021ರ ಜೂನ್‌ನಲ್ಲಿ ಕ್ಲಾಸಿಕ್ ಎರಡನೆಯ ದಾರಿ ಹಿಡಿದಾಗ, ಹಳೆಯದರಲ್ಲೇ ಉಳಿಯುವವರಿಗೆ ಬೇರೆ ಸರ್ವರ್‌ಗಳನ್ನಿಟ್ಟಿತು. ಎರಡೂ ಕಡೆ ಪಾತ್ರ ಬೇಕೆಂದವರಿಗೆ ಪ್ರತಿ ಮಾಡಿಕೊಡಲು ಮೊದಲು 35 ಡಾಲರ್ ಬೆಲೆ ಹೇಳಿ, ಅಸಮಾಧಾನ ಕಂಡು 15ಕ್ಕೆ ಇಳಿಸಿತು. ತಾನೇ ಕಟ್ಟಿದ ಪಾತ್ರಕ್ಕೆ ಮತ್ತೆ ಹಣ ಕೊಡಬೇಕೆಂಬುದು ಆಟಗಾರನಿಗೆ ಎಷ್ಟು ನೋವಿನ ಸಂಗತಿಯೆಂದು ವಾಣಿಜ್ಯ ವಿಭಾಗಕ್ಕೆ ಮನದಟ್ಟು ಮಾಡಿಸುವುದು ವಿನ್ಯಾಸಕಾರನ ಜವಾಬ್ದಾರಿಯೇ. ಹಂತ ದಾಟಿಸುವ ಬೂಸ್ಟ್, ಹಣ ಕೊಟ್ಟು ಆಟದ ಚಿನ್ನ ಪಡೆಯುವ ಟೋಕನ್ ಮುಂತಾದವನ್ನು ಹಳೆಯ ಆಟದೊಳಗೆ ತರಲೇಬಾರದೆಂಬುದು ನನ್ನ ದೃಢ ನಿಲುವು. ಜನ ಮರಳಿ ಬಂದದ್ದೇ ದಾರಿಯನ್ನು ನಡೆಯಲಿಕ್ಕೆ.

ಮೂರನೆಯ ದಾರಿಯಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ನಡೆದ ರೀತಿ ಅಧ್ಯಯನಕ್ಕೆ ಯೋಗ್ಯವಾದದ್ದು. ಹೊಸದೇನನ್ನು ಸೇರಿಸಬೇಕಾದರೂ ಆಟಗಾರರ ಮತ ಕೇಳಿ, ನೂರಕ್ಕೆ ಎಪ್ಪತ್ತೈದು ಒಪ್ಪಿಗೆ ಸಿಕ್ಕರೆ ಮಾತ್ರ ಮುಂದುವರಿಯುವ ಪದ್ಧತಿಯನ್ನು ಅದು ಇಟ್ಟುಕೊಂಡಿತು. 2022ರಲ್ಲಿ ಅದನ್ನು ಎಪ್ಪತ್ತಕ್ಕೆ ಇಳಿಸಲಾಯಿತು. 2007ರ ಆಗಸ್ಟಿನ ಆಟದಲ್ಲಿ ಇಲ್ಲದಿದ್ದ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ ಮಾರುಕಟ್ಟೆ 2015ರಲ್ಲಿ ಬಂದದ್ದು ಹೀಗೆಯೇ. ಸರಳ ಬಹುಮತ ಸಾಲದು ಎಂಬುದು ಇಲ್ಲಿನ ಸಾರ. ಅರ್ಧದಷ್ಟು ಜನರಿಗೆ ಬೇಡವಾದ ಬದಲಾವಣೆ ಹಳೆಯ ಆಟವೊಂದನ್ನು ಎರಡಾಗಿ ಒಡೆಯುತ್ತದೆ. ಮತಕ್ಕೆ ಇಡಬೇಕಾದವು ಹೊಸ ಸೇರ್ಪಡೆಗಳು. ದೋಷ ಪರಿಹಾರ, ಬಾಟ್‌ಗಳ (ಮನುಷ್ಯರ ಬದಲು ಆಡುವ ತಂತ್ರಾಂಶಗಳ) ನಿಯಂತ್ರಣ, ಭದ್ರತೆ ಇವನ್ನು ಮತಕ್ಕಿಡದೆ ತಂಡವೇ ನಿರ್ಧರಿಸಬೇಕು.

ಕೊನೆಯದಾಗಿ ಮಾಡಬೇಕಾದ ಕೆಲಸ ತೆರೆದ ದಿನವೇ ಆರಂಭವಾಗಬೇಕು. ಪ್ರತಿ ಪ್ಯಾಚಿನ ಕ್ಲೈಂಟ್, ಸರ್ವರ್ ಕೋಡ್, ಡೇಟಾಬೇಸ್, ಅದನ್ನು ಕಟ್ಟಲು ಬಳಸಿದ ಉಪಕರಣಗಳು, ತೀರ್ಮಾನಗಳ ಟಿಪ್ಪಣಿ ಇವಿಷ್ಟನ್ನೂ ಒಟ್ಟಾಗಿ, ದಿನಾಂಕ ಬರೆದು, ಎರಡು ಬೇರೆ ಸ್ಥಳಗಳಲ್ಲಿ ಇಡಿ. ವರ್ಷಕ್ಕೊಮ್ಮೆ ಅದರಿಂದ ಆಟವನ್ನು ನಿಜವಾಗಿ ಎಬ್ಬಿಸಿ, ಒಬ್ಬರು ಒಳಗೆ ಹೋಗಿ ಒಂದು ಊರಿನಿಂದ ಇನ್ನೊಂದಕ್ಕೆ ನಡೆದು, ಎಲ್ಲವೂ ಸರಿಯಿದೆಯೆಂದು ಬರೆದು ಸಹಿ ಹಾಕಲಿ.